ಗುಡ್ಡೆಯ ನೆತ್ತಿಯ ಹುಲ್ಲು

1946ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಆರೂವರೆ. ಅವ್ವನೂ ನಾನೂ ಒಣಗಿದ ಕೆರೆಗೆ ಇಳಿದೆವು. ನನಗೆ ಆಗ ಹದಿನಾರು. ಅವ್ವನ ಹೆಗಲ ಮೇಲೆ ಗುದ್ದಲಿ, ನನ್ನ ತಲೆಯ ಮೇಲೆ ಮಣ್ಣು ಹೊರುವ ಮಂಕರಿ, ಸೊಂಟದಲ್ಲಿ ದಿನಚರಿ ಮತ್ತು ಪೆನ್ಸಿಲ್ ತುಂಡು.

ನಮ್ಮೂರು ಹೊಸೂರಿನಿಂದ ಸಾನಮಾವಿನ ಕಡೆಗಿದೆ. ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳುಮೆಯಿಲ್ಲದ ಆ ದಿನ ಊರು ಕೆರೆಯ ಹೂಳು ಎತ್ತುತ್ತಿತ್ತು. ಬೇಸಗೆಯ ಮೂರು ಸೋಮವಾರ, ಮನೆಗೊಂದು ಆಳು. ಕೆರೆ ನೀರಿಗೆ ನಾವು ತೆರುತ್ತಿದ್ದ ಬೆಲೆ ಅದು. ಅದರ ಜೊತೆಗೆ, ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಕುಯ್ಲಿನ ದಿನ ಒಂದು ಹೊರೆ ಬತ್ತದ ತೆನೆ. ಪೂರ್ತಿ ಆಳು ಕೊಟ್ಟ ಮನೆಗೆ ಪೂರ್ತಿ ಪಾಳಿ ನೀರು, ಅರ್ಧ ಆಳಿಗೆ ಅರ್ಧ ಪಾಳಿ.

ಹಿಂದಿನ ತಿಂಗಳು ಕಾಡುದಾರಿಯಲ್ಲಿ ಗಾಡಿ ಮಗುಚಿ ಅಪ್ಪನ ಕಾಲು ಮುರಿದಿತ್ತು. ಮನೆಯಲ್ಲಿ ಬೇರೆ ಗಂಡಸರಿಲ್ಲ. ಅರ್ಧ ಪಾಳಿಯ ನೀರು ನಮ್ಮ ಗದ್ದೆಯ ಕೆಳಗಿನ ಮಡಿಗಳನ್ನು ಮುಟ್ಟುವುದಿಲ್ಲ. ಅವು ಒಣಗಿದರೆ ವರ್ಷದ ಬತ್ತದಲ್ಲಿ ಅರ್ಧ ಹೋಯಿತು.

ಏರಿಯ ಮೇಲೆ ನಿಂತಿದ್ದ ಊರ ಗೌಡರು ನಮ್ಮನ್ನು ಕಂಡು ಕೇಳಿದರು, “ಗಂಡಾಳು ಎಲ್ಲಿ ಕಣಮ್ಮಿ?”

“ಕಾಲು ಮುರ್ಕೊಂಡು ಮಲ್ಗವ್ರೆ. ಅದ್ಕೇ ನಾವಿಬ್ರೂ ಬಂದಿದ್ದೀವಿ,” ಎಂದಳು ಅವ್ವ.

“ಇಬ್ರು ಸೇರಿದ್ರೂ ಹೆಂಗಸ್ರು ಅರ್ಧ ಆಳೇ ಕಣಮ್ಮಿ. ಅರ್ಧ ಗುಂಡಿ ತೋಡ್ಬುಟ್ಟು ಹೋಗ್ರಿ.”

“ಪೂರ್ತಿ ತೋಡ್ತೀವಿ ಗೌಡ್ರೇ. ಪೂರ್ತಿ ನೀರೂ ತಕೊತೀವಿ,” ಎಂದೆ ನಾನು.

ಅವ್ವ ನನ್ನ ಜಡೆ ಹಿಡಿದು ಎಳೆದಳು. ಆದರೆ ಬೇಡ ಅನ್ನಲಿಲ್ಲ.

ಮೂರು ಸೋಮವಾರಕ್ಕೆ ಮನೆಗೊಂದು ಗುಂಡಿ, ಅದಕ್ಕೊಂದು ಕಟ್ಟಳೆ ಇತ್ತು. ಒಂದು ಮಾರು ಉದ್ದ, ಒಂದು ಮಾರು ಅಗಲ, ಎರಡು ಮೊಳ ಆಳ. ನಡುವೆ ಒಂದು ಸಣ್ಣ ಗುಡ್ಡೆಯನ್ನು ಅಗೆಯದೆ ಹಾಗೇ ಬಿಡಬೇಕು. ಅದರ ಎತ್ತರವೇ ಗುಂಡಿಯ ಆಳಕ್ಕೆ ಸಾಕ್ಷಿ. ಅದರ ನೆತ್ತಿಯ ಮೇಲೆ ಬೆಳೆದ ಹುಲ್ಲನ್ನು ಯಾರೂ ಕೀಳಬಾರದು.

ಅವ್ವ ಅಗೆದಳು, ನಾನು ಹೊತ್ತೆ. ಮೊದಲ ಸೋಮವಾರ 84 ಮಂಕರಿ. ಎರಡನೆಯದು 97. ಮೂರನೆಯದು, ಮಾರ್ಚ್ 25, 91. ಒಟ್ಟು 272. ಹತ್ತು ಮಂಕರಿಗೊಮ್ಮೆ ಏರಿಯ ಮೇಲೆ ಒಂದು ಕಲ್ಲಿಡುತ್ತಿದ್ದೆ. ಪಕ್ಕದ ಗುಂಡಿ ತೋಡಬೇಕಾದ ಗೌಡರ ಮಗ ಏರಿಯ ಬೇವಿನ ನೆರಳಿನಲ್ಲಿ ಮಲಗಿದ್ದ ಹೊತ್ತನ್ನೂ ಬರೆದಿದ್ದೇನೆ. ಅದು ಬೇಡದ ಲೆಕ್ಕ ಎಂದು ಅಪ್ಪ ಬೈದ. ನಾನು ಅಳಿಸಲಿಲ್ಲ.

ಮೂರನೆಯ ಸೋಮವಾರ ಸಂಜೆ ನೀರುಗಂಟಿ ಅಳತೆಯ ಕೋಲು ಹಿಡಿದು ಬಂದ. ನಮ್ಮ ಗುಡ್ಡೆಯ ಪಕ್ಕಕ್ಕೆ ಕೋಲು ನಿಲ್ಲಿಸಿ, “ಎರಡು ಮೊಳ ತುಂಬೈತೆ,” ಎಂದ.

ಗೌಡರು ಒಪ್ಪಲಿಲ್ಲ. “ಮೇಲೆ ಮಣ್ಣು ಪೇರ್ಸಿ ಎತ್ತರ ಮಾಡವ್ರೆ. ಹೆಂಗಸ್ರ ಕೈಲಿ ಇಷ್ಟು ಆಗ್ತದಾ?”

ನಾನು ಗುಂಡಿಗೆ ಹಾರಿ ಗುಡ್ಡೆಯ ಹುಲ್ಲು ಹಿಡಿದು ಜಗ್ಗಿದೆ. ಅದು ಬರಲಿಲ್ಲ. “ಪೇರ್ಸಿದ ಮಣ್ಣಾಗಿದ್ರೆ ಹುಲ್ಲು ಬೇರು ಬಿಡ್ತಿತ್ತಾ? ಅನುಮಾನ ಇದ್ರೆ ಎಲ್ಲಾ ಗುಡ್ಡೆನೂ ನೋಡ್ರಿ. ನಿಮ್ಮನೇದ್ರಿಂದ್ಲೇ ಶುರು ಮಾಡ್ರಿ.”

ಕೆರೆಯೊಳಗಿದ್ದವರೆಲ್ಲ ಗೌಡರ ಗುಂಡಿಯತ್ತ ತಿರುಗಿದರು. ಅಲ್ಲಿನ ಗುಡ್ಡೆಯ ನೆತ್ತಿ ಬೋಳು.

“ದನ ಮೇಯ್ಕೊಂಡು ಹೋಗ್ಬುಟ್ಟವೆ,” ಎಂದ ಗೌಡರ ಮಗ.

ನೀರುಗಂಟಿ ಆ ಗುಡ್ಡೆಯ ನೆತ್ತಿಗೆ ಕೈ ಹಾಕಿದ. ಗೇಣುದ್ದದ ಹಸಿಮಣ್ಣು ಹೆಂಟೆಯಾಗಿ ಕಳಚಿ ಬಂತು. “ಮೇಯ್ದ ಮ್ಯಾಲೆ ಮಣ್ಣೂ ಮೆತ್ತಿ ಹೋಗವ್ಯೇನ್ಲಾ? ಒಳ್ಳೆ ಕಸುಬು ಕಲ್ತ ದನ ಕಣ್ಲಾ ನಿಮ್ದು!”

ಇಡೀ ಕೆರೆ ನಕ್ಕಿತು. ಗೌಡರು ನಗಲಿಲ್ಲ. ನನ್ನ ದಿನಚರಿಯತ್ತ ಕೈ ತೋರಿಸಿ, “ಪೂರ್ತಿ ಪಾಳಿ ಬರ್ಕೋ,” ಎಂದು ನಡೆದುಬಿಟ್ಟರು. ಯಾರ ಹೆಸರಿಗೆ ಎಂದು ಹೇಳಲಿಲ್ಲ. ನಾನು ಅವ್ವನ ಹೆಸರಿಗೇ ಬರೆದುಕೊಂಡೆ. ಮುಂದಿನ ಸೋಮವಾರ ಅವರ ಮಗ ಒಬ್ಬನೇ ಬಂದು ಉಳಿದ ಗೇಣು ಅಗೆದ. ಅದನ್ನೂ ಬರೆದಿದ್ದೇನೆ.

ಆ ವರ್ಷ ಕೆಳಗಿನ ಮಡಿಗಳೂ ತೆನೆ ಬಿಟ್ಟವು. ಕುಯ್ಲಿನ ದಿನ ಅವ್ವ ಆರಿಸಿ ಆರಿಸಿ ದೊಡ್ಡ ಹೊರೆಯನ್ನೇ ಕಟ್ಟಿ ನೀರುಗಂಟಿಯ ತಲೆಗೆ ಎತ್ತಿದಳು. “ಅರ್ಧ ಆಳು ಕಟ್ಟಿದ ಹೊರೆ. ಭಾರ ಆದ್ರೆ ಹೇಳಣ್ಣ,” ಎಂದಳು.

ಈಗ 1949. ಹೆಂಗಸಿನ ಕೆಲಸ ಅರ್ಧ ಆಳು ಎಂಬ ಕಟ್ಟಳೆ ಎಲ್ಲಿಂದ ಬಂತೆಂದು ಮೂರು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿದವರೆಲ್ಲ ಹೇಳಿದ್ದು ಒಂದೇ: ಹಿಂದಿನಿಂದ ಬಂದದ್ದು. ಅದನ್ನು ನಾನು ಉತ್ತರವೆಂದು ಬರೆದುಕೊಂಡಿಲ್ಲ, ಆ ಪುಟ ಇನ್ನೂ ಖಾಲಿ ಇದೆ. ತೊರಪಲ್ಲಿ ಕಡೆಯವರಾಗಲಿ, ಕೃಷ್ಣಗಿರಿ ಕಡೆಯವರಾಗಲಿ, ನಿಮ್ಮ ಕೆರೆಯಲ್ಲಿ ಹೆಂಗಸರು ತೋಡಿದ ಗುಂಡಿಯನ್ನು ಹೇಗೆ ಅಳೆಯುತ್ತಿದ್ದರೆಂದು ಬಲ್ಲವರು ಬರೆದು ತಿಳಿಸಿ. ತಾರೀಕು ಹಾಕುವುದನ್ನು ಮರೆಯಬೇಡಿ.