ಜಯಶೀಲಾಳ ಜೋಳದ ಹಿಟ್ಟು

“ಹಾಲು ಬಿಡಬೇಕಂತ್ರೀ ಅಮ್ಮಾರ. ಮೊಸರು ಬಿಡಬೇಕು, ಗೋಧಿ ಬಿಡಬೇಕು, ಶೇಂಗಾ, ಬದನಿಕಾಯಿ, ಕಡ್ಲಿಬ್ಯಾಳಿ, ಎಲ್ಲಾ ಬಿಡಬೇಕು. ಮೈಮ್ಯಾಲಿನ ಗಂದಿ ಪೂರಾ ಹೋದ ಮ್ಯಾಲ ಒಂದೊಂದ ತಿಂದು ನೋಡೂದು. ಯಾವುದು ತಿಂದಾಗ ಮತ್ತ ಏಳ್ತಾವೋ ಅದ ಕಳ್ಳ ಅಂತ ತಿಳ್ಕೊಳ್ಳೂದು. ಡಾಕ್ಟರ್ ಹಂಗ ಹೇಳ್ಯಾರ. ನಾ ಕೇಳ್ದೆ, ಹಂಗಾರ ಹೊಟ್ಟಿಗಿ ಏನು ತಿನ್ನಲಿ ಸಾರ್ ಅಂತ. ಜ್ವಾಳದ ರೊಟ್ಟಿ ತಿನ್ನವಾ, ಅನ್ನ, ಹೆಸರುಬ್ಯಾಳಿ, ಸೊಪ್ಪು ತಿನ್ನು ಅಂದ್ರು. ನಗು ಬಂತು ನನಗ. ಇಷ್ಟು ಹೇಳಾಕ ನಮ್ಮವ್ವ ರೊಕ್ಕ ತಗೊಂತಿದ್ದಿಲ್ಲ. ಈಗ ನಮ್ಮಂಥಾವರ ಮನ್ಯಾಗ ಎರಡೆರಡು ಅಡಿಗಿ ಎಲ್ಲಿ ಆಗ್ತೈತ್ರೀ? ನನಗ ಏನೈತೋ ಅದ ಎಲ್ಲಾರಿಗೂ. ಸ್ವಲ್ಪ ದಿನ ಸುಮ್ನ ಉಂಡ್ರು. ಆಮ್ಯಾಲ ಇವರು ಅಂದ್ರು, ಶೇಂಗಾ ಚಟ್ನಿ ಇಲ್ಲದ ರೊಟ್ಟಿ ಅಂದ್ರ ತಾಳಿ ಇಲ್ಲದ ಮದಿವಿ ಇದ್ದಂಗ ಅಂತ.”

ನಮ್ಮ ಮಹಡಿ ಮೇಲಿನ ಬಾಡಿಗೆ ಮನೆ ಜಯಶೀಲಾ ಮೆಟ್ಟಿಲ ಮೇಲೆ ಕೂತು ಸೀರೆಗೆ ಫಾಲ್ ಹೊಲಿಯುತ್ತಾ ಇದನ್ನೆಲ್ಲ ಹೇಳಿದಳು. ಸಿಂದಗಿ ಕಡೆಯವಳು. ಗಂಡ ಸಂಗಮೇಶ ಜೆ.ಪಿ. ನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾನೆ, ಮಗಳು ದಿವ್ಯ ನಾಲ್ಕನೇ ಕ್ಲಾಸು. ಜಯಶೀಲಾಳ ಕೈ, ಕುತ್ತಿಗೆಯ ಮೇಲೆಲ್ಲ ಕೆಂಪು ಗಂದೆ ಎದ್ದು, ನಾಲ್ಕು ಹೊಲಿಗೆಗೊಮ್ಮೆ ಸೂಜಿ ಬಿಡಬೇಕಾದಷ್ಟು ಕೆರೆತ.

ಪಥ್ಯ ಹಿಡಿದ ಮೇಲೆ ಅವಳು ಕಡಿಮೆ ದುಡ್ಡಿನಲ್ಲಿ ಮಾಡುತ್ತಿದ್ದ ಅಡುಗೆ ನೋಡಬೇಕಿತ್ತು. ನಮ್ಮ ಕಾಂಪೌಂಡಿನ ನುಗ್ಗೆ ಸೊಪ್ಪು ಕಿತ್ತು ಹೆಸರುಬೇಳೆ ಜೊತೆ ಬೇಯಿಸೋಳು. ಸೋರೆಕಾಯಿ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಶೇಂಗಾ ಬದಲು ಹುಚ್ಚೆಳ್ಳು ಪುಡಿ. ಸಂಜೆ ಹೊತ್ತು ಬನಶಂಕರಿ ಮಾರ್ಕೆಟ್ಟಿನಲ್ಲಿ ಉಳಿದ ಸೊಪ್ಪು ಗುಡ್ಡೆ ಹಾಕಿ ಕೊಡ್ತಾರಲ್ಲ, ಅದನ್ನು ತಂದು ರಾತ್ರಿಗೇ ಬಿಡಿಸಿಡೋಳು.

“ರಾಗಿ ಮುದ್ದೆ ತಿನ್ನೇ, ಗಟ್ಟಿಯಾಗ್ತೀಯ” ಅಂದೆ.

“ನಿಮ್ಮ ಮುದ್ದಿ ಅಗಿಯಂಗಿಲ್ಲ ಅಂತೀರಿ, ನುಂಗಾಕ ನನಗ ಬರಂಗಿಲ್ಲ. ಗಂಟಲದಾಗ ಕುಂತರ ನೀವ ತಗೀಬೇಕ್ರೀ.”

ಯುಗಾದಿಗೆ ನಾನು ಕಳಿಸಿದ ಒಬ್ಬಟ್ಟಿನ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ ಬಂತು. ಗೋಧಿ, ಕಡಲೆಬೇಳೆ, ಎರಡೂ ಅವಳಿಗೆ ಆಗದ್ದು. ಪಕ್ಕದ ಮನೆಯವರಿಗೂ ಹೀಗೇ ಆಯಿತು. ಕೊಟ್ಟದ್ದು ತಗೊಳ್ಳದವರಿಗೆ ಯಾರು ಎಷ್ಟು ದಿನ ಕೊಡ್ತಾರೆ? ಅವಳ ಬಾಗಿಲಿಗೆ ಬಟ್ಟಲು ಹಿಡಿದು ಹೋಗೋರು ನಿಂತರು. ಬಟ್ಟಲು ನಿಂತ ಮೇಲೆ ಮಾತೂ ಕಡಿಮೆಯಾಯಿತು.

ಮನೆಯೊಳಗೂ ಅಷ್ಟೇ. ಸಂಗಮೇಶ ಆಫೀಸಿನ ಹತ್ತಿರವೇ ಊಟ ಮುಗಿಸಿ ಬರಕ್ಕೆ ಶುರು ಮಾಡಿದ. ದಿವ್ಯ ಪಕ್ಕದ ಮನೆ ಮಕ್ಕಳ ಜೊತೆ ಚಪಾತಿ ತಿಂದು ಬರೋಳು.

“ಇದು ಮನಿಯೋ ದವಾಖಾನಿಯೋ?” ಅಂತ ಅವನು ಅಂದದ್ದು ಕೆಳಗೆ ಕೇಳಿಸಿತು.

“ದವಾಖಾನ್ಯಾಗ ಯಾರರ ಹೆಂಗದೀ ಅಂತ ಕೇಳ್ತಾರ” ಅಂದಳು ಅವಳು.

ಮೂರು ಜನಕ್ಕೆ ಮಾಡಿದ ಪಲ್ಯ ಮುಂದಿಟ್ಟುಕೊಂಡು ಒಬ್ಬಳೇ ಉಣ್ಣುವುದು ಅಭ್ಯಾಸವಾಯಿತು. ಇಷ್ಟೆಲ್ಲ ಬಿಟ್ಟರೂ ಗಂದೆ ಮಾತ್ರ ಬಿಡಲಿಲ್ಲ.

ಬೇಸಿಗೆ ರಜಕ್ಕೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಅಲ್ಲೂ ಅದೇ ಪಥ್ಯ, ಅದೇ ರೊಟ್ಟಿ. ವಾರ ಕಳೆಯೋದರಲ್ಲಿ ಮೈ ತಿಳಿಯಾಯಿತು. ಸಂಗಮೇಶ ಫೋನಿನಲ್ಲಿ ಹೇಳಿದನಂತೆ: “ಬೆಂಗಳೂರು ನೀರು ನಿನಗ ಒಗ್ಗಂಗಿಲ್ಲ. ಅಲ್ಲೇ ಇದ್ದುಬಿಡು, ದಿವ್ಯಾನ್ನೂ ಅಲ್ಲಿ ಶಾಲಿಗೇ ಹಾಕು. ನಾ ಇಲ್ಲಿ ಒಂದು ರೂಮ್ ಹಿಡಕೊಂತೀನಿ.”

ಅವಳು ಕೇಳಲಿಲ್ಲ. ವಾಪಸ್ ಬಂದಳು, ಕಂಕುಳಲ್ಲಿ ಅವ್ವ ಕೊಟ್ಟ ಜೋಳದ ಹಿಟ್ಟಿನ ಗಂಟು. ಸಂಗಮೇಶ ಒಂದು ಮಾತಿಗೆ ಒಪ್ಪಿದ: ಶಾಲೆ ಶುರುವಾಗೋದರೊಳಗೆ ಮತ್ತೆ ಗಂದೆ ಎದ್ದರೆ ಅವಳು ಊರಿಗೆ ಹೋಗಬೇಕು, ಏಳದಿದ್ದರೆ ಇರಬಹುದು.

ಆ ಗಂಟು ಇರೋವರೆಗೂ ಕೈ ನುಣ್ಣಗೇ ಇತ್ತು. ಅದು ಮುಗಿದ ಮೇಲೆ ಅಂಗಡಿಯಿಂದ ಜೋಳ ತಂದು, ಎಂದಿನ ಹಾಗೆ ನಮ್ಮ ಉತ್ತರಹಳ್ಳಿಯ ವೆಂಕಟಸ್ವಾಮಿ ಮಿಲ್ಲಿನಲ್ಲಿ ಬೀಸಿಸಿದಳು. ಮಾರನೇ ದಿನ ಮೊಣಕೈ ಹತ್ತಿರ ಕೆಂಪಾಯಿತು. ತೋಳು ಮುಚ್ಚೋ ರವಿಕೆ ಹಾಕಿಕೊಂಡು ಕೆಳಗೆ ಬಂದಳು.

“ನೀರಲ್ರೀ ಅಮ್ಮಾರ. ಬಂದಾಗಿಂದ ಇದ ನೀರು ಕುಡದೀನಿ. ಬದಲಾಗಿದ್ದು ಹಿಟ್ಟೊಂದ.”

ಇಬ್ಬರೂ ಮಿಲ್ಲಿಗೆ ಹೋದೆವು. ಅವಳು ಏನೂ ಬೀಸಿಸಲಿಲ್ಲ, ಗೋಡೆಗೆ ಒರಗಿ ನೋಡುತ್ತಾ ನಿಂತಳು. ಒಬ್ಬರು ಗೋಧಿ ಹಾಕಿಸಿದರು. ಬಟ್ಟೆ ಕೊಳವೆಯಲ್ಲಿ ಹಿಟ್ಟು ಇನ್ನೂ ಉಳಿದಿರೋವಾಗಲೇ ಅದೇ ಕಲ್ಲಿಗೆ ಇನ್ನೊಬ್ಬರ ರಾಗಿ ಬಿತ್ತು. ಡಬ್ಬಕ್ಕೆ ಮೊದಲು ಬಿದ್ದದ್ದು ಬಿಳಿ, ಆಮೇಲೆ ಕಂದು.

“ನೋಡ್ರಿ” ಅಂದಳು. “ನಮ್ಮೂರ ಗಿರಣ್ಯಾಗ ಮುಂದಿನಾಕಿದೂ ಜ್ವಾಳ, ಹಿಂದಿನಾಕಿದೂ ಜ್ವಾಳ. ಅವರ ಹಿಟ್ಟು ನಮ್ಮದ್ರಾಗ ಬಂದ್ರೂ ಜ್ವಾಳನ. ಇಲ್ಲಿ ಊರಾನ ಮಂದಿ ಗೋಧಿ ಎಲ್ಲಾ ನನ್ನ ಡಬ್ಬ್ಯಾಗ ಐತಿ.”

ನಾನು ವೆಂಕಟಸ್ವಾಮಿನ ಕೇಳಿದೆ, ಇವಳದ್ದು ಹಾಕೋ ಮುಂಚೆ ಕಲ್ಲು ಒರೆಸಕ್ಕಾಗಲ್ವೇನಪ್ಪ ಅಂತ.

“ಕಲ್ಲಿಗೆ ಎಣ್ಣೆಸ್ನಾನ ಮಾಡಿಸ್ಲಾ ಗೌರಮ್ಮ?” ಅಂದ. ಅವಳ ಕೈ ನೋಡಿ ದನಿ ತಗ್ಗಿಸಿದ. “ಕಲ್ಲು ಬಿಚ್ಚಬೇಕಕ್ಕ, ಅರ್ಧ ದಿನದ ಕೆಲಸ. ಒಬ್ಬರಿಗೆ ಅಂತ ಆಗಲ್ಲ.”

ನಮ್ಮ ಮೆಟ್ಟಿಲ ಕೆಳಗೆ ನಮ್ಮತ್ತೆ ಕಾಲದ ಬೀಸೋ ಕಲ್ಲು ಇತ್ತು, ಮೇಲೆ ದೊಡ್ಡಪತ್ರೆ ಕುಂಡ ಹೊತ್ತುಕೊಂಡು. ಕುಂಡ ಇಳಿಸಿ, ಕಲ್ಲು ತೊಳೆದು, ಬಡಗಿ ಹತ್ತಿರ ಹೊಸ ಗೂಟ ಹಾಕಿಸಿದಳು. ಮಿಲ್ಲಿನ ಹಿಟ್ಟನ್ನು ಬೇರೆಯವರಿಗೆ ಕೊಟ್ಟುಬಿಟ್ಟು, ಬೀಸಿದ ಹಿಟ್ಟಿನಲ್ಲೇ ರೊಟ್ಟಿ ತಟ್ಟಿದಳು. ಶಾಲೆ ಶುರುವಾಗೋ ಹೊತ್ತಿಗೆ ಕೈ ತಿಳಿಯಾಗಿತ್ತು. ಸಂಗಮೇಶನ ಮುಂದೆ ಎರಡೂ ತೋಳು ಚಾಚಿ ತೋರಿಸಿದಳಂತೆ.

“ಇರು ಹಂಗಾದ್ರ” ಅಂದನಂತೆ ಅವನು, ಮೊಬೈಲಿನಿಂದ ತಲೆ ಎತ್ತಿ.

ಡಾಕ್ಟರು ಹೇಳಿದ ಹಾಗೆ, ಗೋಧಿಯೊಂದನ್ನು ಮುಟ್ಟದೆ, ಬಿಟ್ಟದ್ದನ್ನು ಒಂದೊಂದಾಗಿ ತಿಂದು ನೋಡಿದಳು. ಹಾಲು ಒಗ್ಗಿತು, ಬದನೆಕಾಯಿ ಒಗ್ಗಿತು, ಕಡಲೆಬೇಳೆಯೂ. ಶೇಂಗಾ ಚಟ್ನಿ ಕುಟ್ಟಿದ ದಿನ ಮನೆಯೆಲ್ಲ ಬೆಳ್ಳುಳ್ಳಿ ವಾಸನೆ. ಮೂರು ತಟ್ಟೆ ಹಾಕಿ ಕಾದಳು. ದಿವ್ಯ ಉಂಡಳು. ಸಂಗಮೇಶ ಬಂದವನು, “ಅಲ್ಲೇ ಉಂಡು ಬಂದ್ನಿ, ರೂಢಿ ಆಗೇತಿ” ಅಂದ. ಜಗಳವೇನಿಲ್ಲ. ಮಾರನೇ ದಿನವೂ ಉಂಡೇ ಬಂದ. ಡಾಕ್ಟರು ಬಿಡಿಸಿದ್ದು ಪದಾರ್ಥಗಳನ್ನ, ಬಿಟ್ಟುಹೋದದ್ದು ಅವನ ತಟ್ಟೆ.

“ಕಳ್ಳ ಸಿಕ್ಕ ಬಿಡ್ರೀ ಅಮ್ಮಾರ” ಅಂದಳು ಒಂದು ದಿನ.

ಬೀಸೋ ಕಲ್ಲಿಗೆ ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿಯೋದು ವಾಡಿಕೆ. ನನ್ನ ಮಂಡಿ ಮಡಿಸಕ್ಕೆ ಬರಲ್ಲ. ದಿವ್ಯ ನಾಲ್ಕು ಸುತ್ತು ತಿರುಗಿಸಿ, ಕೈ ನೋವು ಅಂತ ಟ್ಯೂಷನ್ನಿಗೆ ಓಡ್ತಾಳೆ. ಸಂಜೆ ಫಾಲ್ ಹೊಲಿಗೆ ಮುಗಿಸಿ ಜಯಶೀಲಾ ಒಬ್ಬಳೇ ಕೂರ್ತಾಳೆ. ಈಗಲೂ ಮೂರು ಜನಕ್ಕಾಗೋಷ್ಟು ಜೋಳ ಅಳೆದು ತರ್ತಾಳೆ. ಎಡಗೈಯಲ್ಲಿ ಕಾಳು ಹಾಕಿ ಬಲಗೈಯಲ್ಲಿ ಬೀಸ್ತಾಳೆ, ಕೈ ಸೋತರೆ ಬದಲಾಯಿಸ್ತಾಳೆ. ಮುಗಿದ ಮೇಲೆ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬಟ್ಟೆಯಿಂದ ಬಳಿದು, ಜರಡಿ ಹಿಡಿದು, ತಪ್ಪಲೆಗೆ ತುಂಬಿ ಮುಚ್ಚಳ ಹಾಕ್ತಾಳೆ.