ಅಕ್ಕನ ಚೀಟಿಯಿಂದ ನಾನು ತೆಗೆದ ಸಾಲು

ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಂದು ದಿನವಲ್ಲ, ಒಂದು ವರ್ಷವಲ್ಲ, ಮೂವತ್ತು ವರ್ಷ ಹೇಳಲಿಲ್ಲ.

ಹೇಳಬೇಕಿದ್ದದ್ದು ನನ್ನ ಅಕ್ಕನಿಗೆ. ವಾರವಾರವೂ ಪತ್ರಿಕೆಯ ಈ ಜಾಗದಲ್ಲಿ ಊರ ಸುದ್ದಿಯೆಲ್ಲ ಹೇಳುವವನಿಗೆ, ಹೊಸನಗರದಿಂದ ತೀರ್ಥಹಳ್ಳಿಗೆ ಹೋಗಿ ಅಷ್ಟು ಹೇಳಲು ಆಗಲಿಲ್ಲವೇ? ಆಗಲಿಲ್ಲ. (ಹೋಗಿದ್ದೇನೆ. ಹಬ್ಬಕ್ಕೆ ಹೋಗಿ, ಉಂಡು, ಬಸ್ಸು ಹತ್ತಿ ಬಂದಿದ್ದೇನೆ.)

ಹೊಸನಗರದಲ್ಲಿ ನಮ್ಮ ಅಪ್ಪಯ್ಯನ ಪಂಪು ಅಂಗಡಿ ಇತ್ತು. ಮಾರಾಟವೂ ಅಲ್ಲೇ, ರಿಪೇರಿಯೂ ಅಲ್ಲೇ. ಆಗ ಸೀಮೆಎಣ್ಣೆ ಪಂಪುಗಳ ಕಾಲ. ಹಗ್ಗ ಎಳೆದು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಎರಡು ನಿಮಿಷ ಪೆಟ್ರೋಲಿನಲ್ಲಿ ಓಡಿಸಬೇಕು. ಇಲ್ಲದಿದ್ದರೆ ಮರುದಿನ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ.

ಇದನ್ನೆಲ್ಲ ಗಿರಾಕಿಗೆ ಚೀಟಿಯಲ್ಲಿ ಬರೆದುಕೊಡುತ್ತಿದ್ದವಳು ಅಕ್ಕ. ಎಸ್ಸೆಸ್ಸೆಲ್ಸಿ ಪಾಸಾದವಳು. ನಡುವೆ ಕಾರ್ಬನ್ ಹಾಳೆ ಇಟ್ಟು ಒಂದೇ ಸಲಕ್ಕೆ ಮೂರು ಚೀಟಿ. ಅವಳ ಬೆರಳ ತುದಿ ಯಾವಾಗಲೂ ನೀಲಿ.

ಅವಳದೊಂದು ಪದ್ಧತಿ ಇತ್ತು. ಚೀಟಿಯನ್ನು ಸುಮ್ಮನೆ ಕೊಟ್ಟು ಕಳಿಸುತ್ತಿರಲಿಲ್ಲ. ಅಂಗಡಿ ಮುಂದೆ ಪಂಪು ಇಟ್ಟು ಗಟ್ಟಿಯಾಗಿ ಓದುವಳು. ಗಿರಾಕಿ ಅದರಂತೆ ಮಾಡಬೇಕು. ಎಲ್ಲಿ ಅವರ ಕೈ ತಡವರಿಸಿತೋ ಆ ಸಾಲನ್ನು ಅಲ್ಲೇ ತಿದ್ದುವಳು.

"ನೀವು ತಪ್ಪಿದ್ದಲ್ಲ ಗೌಡ್ರೇ, ನಾ ಬರೆದಿದ್ದೇ ಸರಿ ಇಲ್ಲ."

"ಹಂಗಾರೆ ಇನ್ನೊಂದ್ಸಲ ಓದು ಮಾರಾಯ್ತಿ!"

ಈಗ ಮಿಕ್ಸಿ ಕೊಂಡರೂ ಹತ್ತು ಭಾಷೆಯ ಪುಸ್ತಕ ಜೊತೆಗೆ ಬರುತ್ತದೆ. ನಮ್ಮ ಕೈ ನೋಡುತ್ತಾ ಓದಿ ಹೇಳುವವರು ಯಾರಿದ್ದಾರೆ?

ನಾನು? ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ಪಂಪು ಸರಿ ಮಾಡಿ ಕೈಗೆ ಕೊಟ್ಟರೂ ಗಿರಾಕಿಗಳು "ಅಕ್ಕನ ಚೀಟಿ ಎಲ್ಲೋ?" ಅಂತಲೇ ಕೇಳುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು.

ಅಕ್ಕ ನೆಂಟರ ಮದುವೆಗೆ ಹೋದ ದಿನ ನಾನೇ ಚೀಟಿ ಬರೆಯಲು ಕೂತೆ. ಅಕ್ಷರ ತಿದ್ದಿಸಿದವಳು ಅವಳೇ. ನನ್ನ ಅಕ್ಷರವೂ ಅವಳದರಂತೆಯೇ ಇತ್ತು. ಎಲ್ಲ ಬರೆದೆ, ಒಂದು ಸಾಲು ತೆಗೆದೆ. ನಿಲ್ಲಿಸುವ ಮೊದಲಿನ ಆ ಪೆಟ್ರೋಲಿನ ಸಾಲು. ಹೇಗೂ ನಿಲ್ಲಿಸುವ ಪಂಪಿಗೆ ಪೆಟ್ರೋಲು ದಂಡ ಯಾಕೆ ಅನ್ನುವ ಜಾಣತನ ನನ್ನದು. ಆ ಚೀಟಿಗಳನ್ನು ಅವಳ ಚೀಟಿಗಳ ಜೊತೆಗೇ ಡ್ರಾಯರಿನಲ್ಲಿಟ್ಟೆ. ಅಕ್ಕ ಊಟಕ್ಕೆ ಹೋಗಿದ್ದಾಗ ಬಂದ ಗಿರಾಕಿಗೆ ಅಪ್ಪಯ್ಯ ಅದರಲ್ಲೊಂದನ್ನು ಓದದೆಯೇ ಕೊಟ್ಟು ಕಳಿಸಿದರು.

ಹದಿನೈದು ದಿನವೂ ಆಗಿರಲಿಲ್ಲ. ಮಾಸ್ತಿಕಟ್ಟೆ ಕಡೆಯವರೊಬ್ಬರು ತೋಳು ಊದಿಸಿಕೊಂಡು ಬಂದರು. "ಎಂತ ಚೀಟಿ ಇದು? ಹಗ್ಗ ಎಳ್ದೂ ಎಳ್ದೂ ರಟ್ಟೆ ಬಿದ್ದೋಯ್ತು!"

ಅಪ್ಪಯ್ಯ ಚೀಟಿ ನೋಡಿದರು. ನಾಲ್ಕು ಗಿರಾಕಿಗಳ ಎದುರಿಗೇ ಅಕ್ಕನಿಗೆ, "ಸಾಕು ನಿನ್ನ ಬರವಣಿಗೆ. ಜನರ ಕೈ ಮುರೀತೀಯ" ಅಂದರು.

ಅಕ್ಕ ಚೀಟಿಯನ್ನು ಎರಡು ಸಲ ಓದಿದಳು. "ನಾನೇ ಮರೆತಿರ್ಬೇಕು ಅಪ್ಪಯ್ಯ" ಅಂದಳು.

ನಾನು ಅಲ್ಲೇ ಇದ್ದೆ. ಸ್ಪ್ಯಾನರ್ ಒರೆಸುತ್ತಿದ್ದೆ.

ಅವಳು ಮತ್ತೆ ಚೀಟಿ ಬರೆಯಲಿಲ್ಲ. ತೀರ್ಥಹಳ್ಳಿಗೆ ಮದುವೆಯಾಗಿ ಹೋದಳು, ಟೈಲರಿಂಗ್ ಕಲಿತಳು. ಇವತ್ತಿಗೂ ರವಿಕೆಯ ಅಳತೆ ಬರೆದ ಮೇಲೆ ಗಿರಾಕಿಯಿಂದ ಒಮ್ಮೆ ಓದಿಸುತ್ತಾಳೆ. "ನಂಗೆ ಮರೆವು ಜಾಸ್ತಿ" ಅನ್ನುತ್ತಾಳೆ.

ಈ ವರ್ಷ ಸಾಗರದ ಒಂದು ವರ್ಕ್‌ಶಾಪಿನವರು ತಮ್ಮ ಕಳೆ ಕೊಚ್ಚುವ ಮಷಿನ್ನಿಗೆ ಕನ್ನಡದಲ್ಲಿ ಸಹಾಯ ಪುಸ್ತಕ ಬೇಕು ಅಂದರು. ಬರೆಯುವವರು ಮೂವರು. ಅಲ್ಲಿನ ಆಫೀಸಿನ ಶ್ವೇತಾ, ರಿಪೇರಿ ಬಲ್ಲ ನಾನು. ಮೂರನೆಯವಳಾಗಿ ಅಕ್ಕನನ್ನು ಸೇರಿಸಿದ್ದು ನನ್ನ ಒತ್ತಾಯ. (ಪಾಪ ತೊಳೆದುಕೊಳ್ಳಲು ಸುಲಭದ ದಾರಿ, ಅಲ್ಲವೇ?)

"ಬ್ಯಾಡ ಮಾರಾಯ, ನಾ ಬರೆದ್ರೆ ಎಂತಾದ್ರೂ ಬಿಟ್ಟೇ ಹೋಗ್ತದೆ. ಇದೊಂದ್ಸಲ ನೋಡ್ತೀನಿ, ಎಡವಟ್ಟಾದ್ರೆ ಮತ್ತೆ ಕರೀಬೇಡ" ಅಂದಳು.

ಮೂರು ಊರಿನಿಂದ ಮೂವರು ವಾಟ್ಸಾಪಿನಲ್ಲಿ ಫೈಲ್ ಕಳಿಸಿ ಕಳಿಸಿ, ಯಾವುದು ಹೊಸದು, ಯಾವುದು ಹಳೆಯದು ಅಂತ ಯಾರಿಗೂ ತಿಳಿಯದಾಯಿತು. ಆಗ ಶ್ವೇತಾ 'ವರ್ಷನ್ ಕಂಟ್ರೋಲ್' ಹಾಕಿದಳು. ಪುಸ್ತಕ ಒಂದೇ ಕಡೆ ಇರುತ್ತದೆ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಅನ್ನುವುದೆಲ್ಲ ಅದರಲ್ಲಿ ಉಳಿಯುತ್ತದೆ. ಯಾಕೆ ಬದಲಿಸಿದೆವು ಅಂತ ಪ್ರತಿ ಸಲ ಒಂದು ಸಾಲು ಬರೆಯಬೇಕು. ಅಳಿಸಿದ್ದೂ ಎಲ್ಲಿಗೂ ಹೋಗುವುದಿಲ್ಲ.

"ಅಳಿಸಿದ್ದೂ ಇರ್ತದಾ?" ಅಂತ ನಾನು ಎರಡು ಸಲ ಕೇಳಿದೆ.

ಹೋದ ಬುಧವಾರ ಪ್ರಿಂಟಿಗೆ ಕೊಡುವ ಮೊದಲು ಸಾಗರದಲ್ಲಿ ಕೂತಿದ್ದೆವು. ಅಕ್ಕನ ಹಳೆಯ ಪದ್ಧತಿಯೇ: ಅವಳು ಓದುವುದು, ವರ್ಕ್‌ಶಾಪಿನ ವೆಲ್ಡರ್ ಅದರಂತೆ ಮಷಿನ್ ಬಿಚ್ಚುವುದು. ಅವನು ನೇರ ಬ್ಲೇಡಿಗೆ ಕೈ ಹಾಕಿದ. ಅದಕ್ಕೆ ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕೀಳಬೇಕು. ಇಲ್ಲದಿದ್ದರೆ ಎಂಜಿನ್ ಒಮ್ಮೆ ಹೊಡೆದರೂ ಬೆರಳು ಹೋಗುತ್ತದೆ. ಪುಸ್ತಕದಲ್ಲಿ ಆ ಸಾಲೇ ಇಲ್ಲ!

ಅಕ್ಕ ಓದುವುದನ್ನು ನಿಲ್ಲಿಸಿದಳು. "ಹೇಳಿದ್ನಲ್ಲ. ನಾನೇ ಮರೆತಿರ್ಬೇಕು."

ಅದೇ ಮಾತು. ಅದೇ ದನಿ.

ಶ್ವೇತಾ ಕಂಪ್ಯೂಟರ್ ನೋಡಿದಳು. "ಇಲ್ಲ ಆಂಟಿ, ನೀವು ಬರೆದಿದ್ರಿ. ಇಲ್ಲಿದೆ ನೋಡಿ. ತೆಗ್ದಿದ್ದು ಅಂಕಲ್."

ಸಾಲನ್ನು ಮೇಲಕ್ಕೆ ಹಾಕೋಣವೆಂದು ಕಟ್ ಮಾಡಿದ್ದೆ. ಅಷ್ಟರಲ್ಲಿ ಫೋನ್ ಬಂತು. ಮತ್ತೆ ಅಂಟಿಸಲು ಮರೆತು ಸೇವ್ ಮಾಡಿದ್ದೆ. ಕಾರಣದ ಜಾಗದಲ್ಲಿ 'ಸಣ್ಣ ತಿದ್ದುಪಡಿ' ಅಂತ ಬೇರೆ ಬರೆದಿದ್ದೆ.

"ಅಯ್ಯೋ ಕಳ್ಳ! ನಿನ್ ಕೆಲ್ಸನಾ?" ಅಕ್ಕ ನಕ್ಕಳು. ವೆಲ್ಡರನೂ ತನ್ನ ಹತ್ತು ಬೆರಳು ಎಣಿಸಿ ತೋರಿಸಿ ನಕ್ಕ.

ನಗು ಮುಗಿದ ಮೇಲೆ ಅಕ್ಕ ಮೆಲ್ಲಗೆ ಅಂದಳು, "ಅಪ್ಪಯ್ಯನ ಅಂಗಡೀಲೂ ಇಂಥದ್ದೊಂದು ಇದ್ದಿದ್ರೆ, ಆ ಪೆಟ್ರೋಲಿನ ಸಾಲು ನಾ ಹೆಂಗೆ ಬಿಟ್ಟೆ ಅಂತ ನೋಡ್ಬೋದಿತ್ತು."

ಅವಳು ಅದನ್ನು ಎಂದೋ ಮರೆತಿದ್ದಾಳೆ ಅಂದುಕೊಂಡಿದ್ದೆ. ಮೂವತ್ತು ವರ್ಷದಿಂದ ಹುಡುಕುತ್ತಲೇ ಇದ್ದಳೇ?

ಆ ಚೀಟಿಯ ವಿಷಯ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಗೊತ್ತಿರುವುದು ನನ್ನೊಬ್ಬನಿಗೆ. ಹೊರಗೆ ಕರೆದು ಕಿವಿಯಲ್ಲಿ ಹೇಳಿಬಿಡಲೇ ಅನ್ನಿಸಿತು. ಆದರೆ ಅವಳು ಬೈಸಿಕೊಂಡದ್ದು ನಾಲ್ಕು ಜನರೆದುರು. ಆಚೆ ಕೆಲಸ ಮಾಡುತ್ತಿದ್ದವರಿಗೆ ಒಂದು ನಿಮಿಷ ಗ್ರೈಂಡರ್ ನಿಲ್ಲಿಸಿ ಅಂದೆ. ಎಲ್ಲರೂ ತಿರುಗಿ ನೋಡಿದರು.

"ಅಕ್ಕಾ, ಆ ಚೀಟಿ ನೀ ಬರೆದಿದ್ದೇ ಅಲ್ಲ, ನಾ ಬರೆದಿದ್ದು. ಆ ಸಾಲು ತೆಗ್ದಿದ್ದೂ ನಾನೇ. ನೀ ಮರೆತಿರ್ಲಿಲ್ಲ. ತಪ್ಪಾಯ್ತು ಅಕ್ಕಾ."