ಎಲ್ಲರೂ ಒಂದೇ ದೋಣಿಗೆ ಬೇಡ
ಮಲೇಷ್ಯಾದ ಪೆನಾಂಗ್ ದ್ವೀಪದ ಪತ್ರಿಕೆಯೊಂದರ ಹಳೆಯ ಫೋಟೋಗಳೆಲ್ಲ ಇರುವುದು, ಸಾಫ್ಟ್‌ವೇರ್ ಒಂದೇ ಕುಟುಂಬದಂತೆ ಬೆಸೆದ ಆರು ಡಿಸ್ಕುಗಳಲ್ಲಿ; ಅವನ್ನು ಕಾಯುವವರು ಪಾಕ್ ರಮ್ಲಿ. ಒಂದೊಂದು ಡಿಸ್ಕನ್ನೂ ಬೇರೆ ಬೇರೆ ಅಂಗಡಿಯಲ್ಲಿ, ಬೇರೆ ಬೇರೆ ತಿಂಗಳಲ್ಲಿ ಕೊಳ್ಳುತ್ತಾರೆ. "ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಹೋಗಿಬಿಡ್ತವೆ ಕಣಯ್ಯಾ," ಎಂದು ಅಂಗಡಿಯವನಿಗೇ ಪಾಠ ಹೇಳುತ್ತಾರೆ. ಪ್ರತಿ ಶುಕ್ರವಾರ ಆರನ್ನೂ ಮೊದಲಿಂದ ಕೊನೆಯವರೆಗೆ ಓದಿಸುತ್ತಾರೆ. ಎಲ್ಲೋ ಒಂದು ಚೂರು ಓದಲಾಗದಿದ್ದರೆ ಗಾಬರಿಯಿಲ್ಲ. "ಒಂದು ಮರೆತ್ರೆ ಉಳಿದವು ಸೇರಿ ನೆನಪು ಮಾಡಿಕೊಡ್ತವೆ," ಎನ್ನುತ್ತ ಕಣ್ಣು ಮುಚ್ಚಿ, ಫ್ಯಾನುಗಳ ಗುಂಯ್‌ಕಾರದಲ್ಲಿ ಕಡಲನ್ನು ಕೇಳುವವರಂತೆ ತೇಲಿಹೋಗುತ್ತಾರೆ. ಕಡಲು ದಾಟುವಾಗಲೂ ಹೀಗೆಯೇ: ಹೆಂಡತಿ ಒಂದು ದೋಣಿಗೆ, ಮಗಳು ಮುಂದಿನದಕ್ಕೆ, ತಾವು ಅದರಾಚೆಯದಕ್ಕೆ. "ಒಂದು ಮದುವೆಗೆ ಮೂರು ಸಲ ಬರೋ ಮನೆ ನಮ್ದೊಂದೇ! ನಾವೇನು ನಿನ್ ಡಿಸ್ಕುಗಳೇನಪ್ಪಾ?" ಎಂದು ಮಗಳು ರೇಗಿಸಿದರೆ ನಗುತ್ತಲೇ ಅವಳ ಟಿಕೆಟ್ಟನ್ನು ಕೈಗಿಡುತ್ತಾರೆ. ರಮ್ಲಿ ಏಳು ವರ್ಷದವರಿದ್ದಾಗ ಅಂಥದೇ ಒಂದು ಮದುವೆಗೆಂದು ಅಪ್ಪ, ಅಮ್ಮ, ಅಕ್ಕಂದಿರು ಒಂದೇ ದೋಣಿ ಹತ್ತಿದ್ದರು. ದೋಣಿ ಮುಳುಗಿತು, ಜ್ವರವೆಂದು ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಇವರೊಬ್ಬರೇ ಉಳಿದರು. ಅಮ್ಮ ತಮ್ಮನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಅವರಿಗೆ ಮರೆತುಹೋಗಿದೆ. ನೆನಪು ಮಾಡಿಕೊಡಲು ಒಬ್ಬರೂ ಇಲ್ಲ.